ಒಂದೂವರೆ ಆಣೆಯ ಬಾಪೂ

ಅಜ್ಜಿಯ ತಗಡಿನ ಡಬ್ಬಿಯಲ್ಲಿ ಗಾಂಧೀಜಿ ಚಿತ್ರದ ಒಂದೂವರೆ ಆಣೆಯ ಅಂಚೆಚೀಟಿ ಸಿಕ್ಕಾಗ ನನಗೆ ಲಾಟರಿ ಹೊಡೆದಷ್ಟು ಖುಷಿ. 2017ರಲ್ಲಿ ಗಾಂಧಿ ಅಂಚೆಚೀಟಿಗಳು 5 ಲಕ್ಷ ಪೌಂಡ್‌ಗೆ ಮಾರಾಟವಾದ ಸುದ್ದಿ ಓದಿದ್ದೆನಲ್ಲ!

ಆಸೆಯಿಂದ ಹುಡುಕುತ್ತಾ ಕೂತೆ. 1948ರ ಆಗಸ್ಟ್ 15ರಂದು, ಸ್ವಾತಂತ್ರ್ಯಕ್ಕೆ ಒಂದು ವರ್ಷ ತುಂಬಿದ ದಿನ, ಸ್ವಿಟ್ಜರ್ಲೆಂಡಿನಲ್ಲಿ ಮುದ್ರಿಸಿದ ನಾಲ್ಕು ಬಗೆಯ ಗಾಂಧಿ ಚೀಟಿಗಳು ಹೊರಬಂದವು: ಒಂದೂವರೆ ಆಣೆ, ಮೂರೂವರೆ ಆಣೆ, 12 ಆಣೆ ಮತ್ತು 10 ರೂಪಾಯಿ. 10 ರೂಪಾಯಿಯದರಲ್ಲಿ ಕೇವಲ 100 ಚೀಟಿಗಳ ಮೇಲೆ ‘ಸರ್ವಿಸ್’ ಎಂದು ಅಚ್ಚೊತ್ತಿ ಗವರ್ನರ್ ಜನರಲ್ ಬಳಕೆಗೆ ಕೊಟ್ಟರು. ಆ ದೊಡ್ಡ ಬೆಲೆ ಬಂದದ್ದು ಇಂಥ ನಾಲ್ಕು ಚೀಟಿಗಳ ಪಟ್ಟಿಗೆ. ಒಂದೂವರೆ ಆಣೆಯದು ಜನಸಾಮಾನ್ಯರ ಕಾಗದಕ್ಕೆ ಅಂಟಿದ್ದು. ಇಂದಿಗೂ ಸುಲಭವಾಗಿ ಸಿಗುತ್ತದೆ. ಬೆಲೆ ವಯಸ್ಸಿಗಲ್ಲ, ವಿರಳತೆಗೆ. ಅದರ ಜೊತೆಗೆ ಅಂಚಿನ ಹಲ್ಲು, ಹಿಂದಿನ ಅಂಟು, ಠಸ್ಸೆ ಎಲ್ಲವನ್ನೂ ನೋಡುತ್ತಾರೆ. ಚೀಟಿ ಲಕೋಟೆಯ ಮೇಲೇ ಉಳಿದಿದ್ದರೆ, ಎಲ್ಲಿಂದ ಎಲ್ಲಿಗೆ ಹೋಯಿತೆಂಬ ಚರಿತ್ರೆಯೂ ಉಳಿಯುತ್ತದೆ.

ನಮ್ಮಜ್ಜಿ ಮಾತ್ರ ನೀರಲ್ಲಿ ನೆನೆಸಿ ಬಿಡಿಸಿಟ್ಟಿದ್ದರು. ಅದರ ಮೇಲೆ ಧಾರವಾಡದ ಅರ್ಧ ಠಸ್ಸೆ. “ಮದುವೆಯಾಗಿ ಮುಂಬಯಿಗೆ ಬಂದ ವರ್ಷ ತವರಿನಿಂದ ಬಂದ ಕಾಗದದ್ದು,” ಎಂದರು ಅಮ್ಮ. ಕಾಗದದಲ್ಲಿ ಏನಿತ್ತೋ, ಹೇಳುವವರು ಈಗ ಯಾರೂ ಇಲ್ಲ.

ಗೆಳತಿಯರೇ, ಮನೆಯಲ್ಲಿ ಹಳೆಯ ಕಾಗದಗಳಿದ್ದರೆ ಚೀಟಿ ಕೀಳಬೇಡಿ. ಲಕೋಟೆ ಸಮೇತ ಇಡಿ.