ಬೂಸರು ಹಿಡಿದ ಮೆಕ್ಕೆಜೋಳ, ಜಪಾನಿನ ಮಣ್ಣು ಮತ್ತು ಅವ್ವ

ಬೆಳಿಗ್ಗೆ ಎಂಟಕ್ಕೆ ಒಂದು ಸಲ, ರಾತ್ರಿ ಎಂಟಕ್ಕೆ ಇನ್ನೊಂದು ಸಲ. ಕಿಡ್ನಿ ಕಸಿ ಆದಮೇಲೆ ನನ್ನ ದಿನ ಅಂದ್ರೆ ಈ ಎರಡು ಅಲಾರಂಗಳ ನಡುವೆ ಉಳಿದ ಜಾಗ. ಅವ್ವನಿಗೆ ಮಾತ್ರ ಫೋನಿನ ಅಲಾರಂ ಮೇಲೆ ನಂಬಿಕೆ ಇರಲಿಲ್ಲ. ಎಂಟಕ್ಕೆ ಐದು ನಿಮಿಷ ಇರುವಾಗಲೇ ಕಾಯಿಸಿ ಆರಿಸಿದ ನೀರಿನ ಲೋಟ ಹಿಡಿದು ರೂಮಿನ ಬಾಗಿಲಲ್ಲಿ ನಿಂತಿರುತ್ತಿದ್ದಳು. "ತಮ್ಮಾ, ಗುಳಗಿ." ಹನ್ನೊಂದು ಜನರ ಟೀಮ್ ನೋಡಿಕೊಳ್ಳುವ ಮೂವತ್ತಮೂರು ವರ್ಷದ ಗಂಡಸು ನಾನು, ಅವ್ವನ ಮುಂದೆ ಬಾಯಿ ತೆರೆದು ನುಂಗಿದ್ದನ್ನು ತೋರಿಸಬೇಕಿತ್ತು. ಅವಳದೂ ಆಪರೇಷನ್ ಆಗಿ ಆಗಿನ್ನೂ ಮೂರು ವಾರ. ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈ ಹೊಲಿಗೆಯ ಮೇಲೆ.

ಆ ದಿನಗಳಲ್ಲಿ ಪ್ರೆಡ್ನಿಸಲೋನ್ ಡೋಸು ಜಾಸ್ತಿ ಇತ್ತು, ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಲ್ಯಾಪ್‌ಟಾಪ್ ತೆಗೆದರೆ ಆಫೀಸಿನ ಮೇಲ್ ನೋಡುವ ಚಟ. ಅದರಿಂದ ತಪ್ಪಿಸಿಕೊಳ್ಳಲು ನಾನು ನುಂಗುವ ಮಾತ್ರೆಗಳ ಹಿನ್ನೆಲೆ ಓದಲು ಶುರು ಮಾಡಿದೆ.

ಮೊದಲು ಓದಿದ್ದು ಮೈಕೊಫೆನೊಲೇಟ್ ಬಗ್ಗೆ. 1893ರಲ್ಲಿ ಇಟಲಿಯಲ್ಲಿ ಬಾರ್ತೊಲೊಮಿಯೊ ಗೋಸಿಯೊ ಅನ್ನುವ ವೈದ್ಯ ಕೆಟ್ಟುಹೋದ ಮೆಕ್ಕೆಜೋಳ ಇಟ್ಟುಕೊಂಡು ಕೂತಿದ್ದ. ಮೆಕ್ಕೆಜೋಳವನ್ನೇ ತಿಂದು ಬದುಕುತ್ತಿದ್ದ ಅಲ್ಲಿನ ಬಡ ರೈತರಿಗೆ ಪೆಲಾಗ್ರ ಅನ್ನುವ ರೋಗ ಬರುತ್ತಿತ್ತು. ಚರ್ಮ ಸುಲಿದು, ಭೇದಿಯಾಗಿ, ಕೊನೆಗೆ ಬುದ್ಧಿಯೂ ಕೆಡುತ್ತಿತ್ತು. ಅದಕ್ಕೆ ಕಾಳಿನ ಬೂಷ್ಟೇ ಕಾರಣ ಇರಬೇಕು ಅಂತ ಅವನ ಗುಮಾನಿ. ಆ ಗುಮಾನಿ ತಪ್ಪು. ಪೆಲಾಗ್ರ ಬರುವುದು ನಯಾಸಿನ್ ಅನ್ನುವ ವಿಟಮಿನ್ ಕೊರತೆಯಿಂದ ಅಂತ ಆಮೇಲೆ ಗೊತ್ತಾಯ್ತು. ಆದರೆ ಆ ಬೂಷ್ಟಿನಿಂದ ಅವನು ಬೇರ್ಪಡಿಸಿದ ಹರಳು ಆಂಥ್ರಾಕ್ಸ್ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಿತು. ಫ್ಲೆಮಿಂಗ್ ಪೆನಿಸಿಲಿನ್ ಕಂಡಿದ್ದು 1928ರಲ್ಲಿ, ಇದು ಅದಕ್ಕೂ ಮೂವತ್ತೈದು ವರ್ಷ ಮೊದಲು! ಜಗತ್ತು ಗೋಸಿಯೊನನ್ನು ಮರೆಯಿತು. ಅದೇ ಮೈಕೊಫೆನೊಲಿಕ್ ಆಸಿಡ್‌ನಿಂದ ಮಾಡಿದ ಔಷಧಿಗೆ ಕಿಡ್ನಿ ಕಸಿಯಾದವರಿಗೆ ಕೊಡಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ.

ನಮ್ಮದು ಹಾವೇರಿ ಜಿಲ್ಲೆ, ಮೆಕ್ಕೆಜೋಳದ ಸೀಮೆ. ಬೆಳಿಗ್ಗೆ ಇದನ್ನು ಅವ್ವನಿಗೆ ಹೇಳಿದೆ. ಅವಳು ಮಾತ್ರೆ ಡಬ್ಬಿಯನ್ನೇ ಸ್ವಲ್ಪ ಹೊತ್ತು ನೋಡಿ, "ಹಂಗಾರ ನಾವು ಬೂಸರ ಹಿಡದದ್ದನ್ನ ತಿಪ್ಪಿಗೆ ಚೆಲ್ಲತಿದ್ವಲ್ಲೋ. ಅದಕ್ಕ ತಿಂಗಳಿಗೆ ಇಷ್ಟ ರೊಕ್ಕ ಕೊಡ್ತೀಯೇನು?" ಅಂದಳು.

ಎರಡನೆಯದು ಟ್ಯಾಕ್ರೊಲಿಮಸ್. ಎಂಟು-ಎಂಟು ಗಂಟೆಯ ಶಿಸ್ತು ಇದರದ್ದೇ. ರಕ್ತದಲ್ಲಿ ಕಡಿಮೆಯಾದರೆ ದೇಹ ಹೊಸ ಕಿಡ್ನಿಯ ಮೇಲೆ ಎರಗುತ್ತದೆ, ಜಾಸ್ತಿಯಾದರೆ ಔಷಧಿಯೇ ಕಿಡ್ನಿಯನ್ನು ಹಾಳು ಮಾಡುತ್ತದೆ. 1984ರಲ್ಲಿ ಜಪಾನಿನ ತ್ಸುಕುಬಾ ಬೆಟ್ಟದ ಕಡೆಯ ಮಣ್ಣಿನ ಬ್ಯಾಕ್ಟೀರಿಯಾವೊಂದರಲ್ಲಿ ಸಿಕ್ಕಿದ್ದು ಇದು, ಹೆಸರಿನ ಮೊದಲ ಅಕ್ಷರ ತ್ಸುಕುಬಾದ್ದೇ. ಇದರ ಅಣ್ಣ ಸೈಕ್ಲೋಸ್ಪೊರಿನ್ ಬಂದಿದ್ದು ನಾರ್ವೆಯ ಹಾರ್ಡಂಗರ್‌ವಿಡ್ಡಾ ಪ್ರಸ್ಥಭೂಮಿಯ ಮಣ್ಣಿನಿಂದ. ಸ್ವಿಸ್ ಕಂಪನಿಯೊಂದರ ನೌಕರ 1969ರಲ್ಲಿ ರಜೆಗೆ ಹೋದವನು ಚೀಲದಲ್ಲಿ ಮಣ್ಣು ತುಂಬಿಕೊಂಡು ಬಂದಿದ್ದ. ಮೂರನೆಯ ಸಿರೊಲಿಮಸ್ ಈಸ್ಟರ್ ದ್ವೀಪದ ಮಣ್ಣಿನದು. ಇದರ ಹಿಂದಿದ್ದವರು ಅವಿಭಜಿತ ಪಂಜಾಬಿನಲ್ಲಿ ಹುಟ್ಟಿದ ಸುರೇಂದ್ರನಾಥ ಸೆಹಗಲ್. 1980ರ ದಶಕದಲ್ಲಿ ಕಂಪನಿ ಮಾಂಟ್ರಿಯಲ್‌ನ ಲ್ಯಾಬ್ ಮುಚ್ಚಿ ಪ್ರಾಜೆಕ್ಟ್ ಕೈಬಿಟ್ಟಾಗ ಇವರು ಆ ಸೂಕ್ಷ್ಮಜೀವಿಯನ್ನು ಮನೆಯ ಫ್ರೀಜರ್‌ನಲ್ಲಿ ಇಟ್ಟುಕೊಂಡರು. ಮ್ಯಾನೇಜ್‌ಮೆಂಟ್ ಬದಲಾದ ಮೇಲೆ ಕೆಲಸ ಮತ್ತೆ ಶುರುವಾಯ್ತು, 1999ರಲ್ಲಿ ಔಷಧಿಗೆ ಒಪ್ಪಿಗೆ ಸಿಕ್ಕಿತು. ಡಿಲೀಟ್ ಮಾಡು ಅಂದ ಕೋಡನ್ನು ಗುಟ್ಟಾಗಿ ಬ್ಯಾಕಪ್ ಇಟ್ಟುಕೊಳ್ಳುವ ನಮ್ಮಂಥವರಿಗೆ ಇವರು ಕುಲದೇವರು.

ತಮಾಷೆ ಅಂದ್ರೆ ಡಾಕ್ಟರ್ ನನಗೆ ಹಾಕಿದ ಮೊದಲ ಕಟ್ಟಪ್ಪಣೆ ಮಣ್ಣು ಮುಟ್ಟಬಾರದು ಅಂತ. ಹೊಲಕ್ಕೆ ಇಳಿಯಬಾರದು, ಹೊಟ್ಟಿನ ಧೂಳು, ಬೂಷ್ಟು ಹಿಡಿದ ಮೇವಿನ ಹತ್ತಿರ ಸುಳಿಯಬಾರದು. ರೋಗನಿರೋಧಕ ಶಕ್ತಿಯನ್ನು ಮಾತ್ರೆಯೇ ತಗ್ಗಿಸಿರುತ್ತದೆ, ಅಲ್ಲಿರುವ ಶಿಲೀಂಧ್ರ ಶ್ವಾಸಕೋಶಕ್ಕೆ ಹೋದರೆ ಕಷ್ಟ.

ಇಷ್ಟು ಓದಿದವನು ಇನ್ನೂ ಹಿಂದಕ್ಕೆ ಹೋಗಿ ಪ್ಯಾರಿಸ್ ತಲುಪಿದೆ. 1952ರ ಡಿಸೆಂಬರ್. ಮಾರಿಯಸ್ ರೆನಾರ್ ಅನ್ನುವ ಹದಿನಾರು ವರ್ಷದ ಬಡಗಿ ಹುಡುಗ ಕಟ್ಟಡದ ಸಾರುವೆಯಿಂದ ಬಿದ್ದ. ಬಲಗಡೆ ಕಿಡ್ನಿ ಒಡೆದುಹೋಗಿತ್ತು, ತೆಗೆದುಹಾಕಿದರು. ಹುಟ್ಟಿನಿಂದ ಅವನಿಗೆ ಇದ್ದಿದ್ದೇ ಆ ಒಂದು ಕಿಡ್ನಿ ಅಂತ ಗೊತ್ತಾಗಿದ್ದು ಆಮೇಲೆ. ತಾಯಿ ಗಿಲ್ಬರ್ಟ್ ನನ್ನದು ತಗೊಳ್ಳಿ ಅಂತ ವೈದ್ಯರ ಬೆನ್ನುಬಿದ್ದಳು. ಬದುಕಿರುವವರಿಂದ ಕಿಡ್ನಿ ತೆಗೆದು ರಕ್ತಸಂಬಂಧಿಗೆ ಹಾಕಿದ್ದು ಅಲ್ಲಿವರೆಗೆ ಎಲ್ಲೂ ಇರಲಿಲ್ಲ. ನೆಕರ್ ಆಸ್ಪತ್ರೆಯಲ್ಲಿ ಜ್ಯಾಂ ಹ್ಯಾಂಬರ್ಗರ್ ಅವರ ತಂಡ ಕ್ರಿಸ್‌ಮಸ್ ಹಿಂದಿನ ರಾತ್ರಿ ಆಪರೇಷನ್ ಮಾಡಿತು. ಅಮ್ಮನ ಕಿಡ್ನಿ ತಕ್ಷಣ ಕೆಲಸ ಶುರು ಮಾಡಿತು. ಹುಡುಗ ಚೇತರಿಸಿಕೊಂಡ. ಇಡೀ ಫ್ರಾನ್ಸ್ ಪೇಪರಿನಲ್ಲಿ ಅವನ ಸುದ್ದಿ ಓದುತ್ತಿತ್ತು. ಮೂರು ವಾರ ಆದಮೇಲೆ ಒಮ್ಮೆಲೇ ಮೂತ್ರ ನಿಂತಿತು. ಜನವರಿ ಮುಗಿಯುವ ಮೊದಲು ಹುಡುಗ ತೀರಿಕೊಂಡ.

ಹ್ಯಾಂಬರ್ಗರ್ ತಂಡದ ಕೈಯಲ್ಲಿ ಗೋಸಿಯೊನ ಬೂಷ್ಟೂ ಇರಲಿಲ್ಲ, ತ್ಸುಕುಬಾದ ಮಣ್ಣೂ ಇರಲಿಲ್ಲ.

ಏನಾಗುತ್ತದೆ ಅನ್ನುವುದು ಮಾತ್ರ ಆ ಹೊತ್ತಿಗೆ ಗೊತ್ತಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಪೀಟರ್ ಮೆಡಾವರ್ ಸುಟ್ಟಗಾಯಗಳಿಗೆ ಬೇರೆಯವರ ಚರ್ಮ ಹಾಕಿ ನೋಡುತ್ತಿದ್ದ. ಮೊದಲ ಸಲ ಹಾಕಿದ ಚರ್ಮ ಕೆಲ ದಿನ ನಿಂತು ಉದುರುತ್ತಿತ್ತು. ಅದೇ ದಾನಿಯ ಚರ್ಮ ಎರಡನೇ ಸಲ ಹಾಕಿದರೆ ಇನ್ನೂ ಬೇಗ ಉದುರುತ್ತಿತ್ತು. ಅಂದರೆ ದೇಹ ನೆನಪಿಟ್ಟುಕೊಳ್ಳುತ್ತದೆ, ಇದು ರೋಗನಿರೋಧಕ ವ್ಯವಸ್ಥೆಯ ಕೆಲಸ. 1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಇದನ್ನು ಪಕ್ಕದಿಂದ ದಾಟಿದರು. ರೊನಾಲ್ಡ್ ಮತ್ತು ರಿಚರ್ಡ್ ಹೆರಿಕ್ ತದ್ರೂಪಿ ಅವಳಿಗಳು, ಒಬ್ಬನ ಅಂಗ ಇನ್ನೊಬ್ಬನ ದೇಹಕ್ಕೆ ಪರಕೀಯವಲ್ಲ. ರಿಚರ್ಡ್ ಎಂಟು ವರ್ಷ ಬದುಕಿದ, ಆರೈಕೆ ಮಾಡಿದ ನರ್ಸನ್ನೇ ಮದುವೆಯಾದ. ಆದರೆ ಎಷ್ಟು ಜನರಿಗೆ ಅವಳಿ ಇರುತ್ತಾರೆ? ಉಳಿದವರಿಗೆ 1960ರ ದಶಕದ ಅಜಥಯೊಪ್ರಿನ್ ಬರುವವರೆಗೆ, ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜ್ಲ್ ಅದರ ಜೊತೆ ಸ್ಟೀರಾಯ್ಡ್ ಸೇರಿಸಿ ಕೊಡುವವರೆಗೆ ಹೆಚ್ಚಿನ ಆಸೆಯೇ ಇರಲಿಲ್ಲ. ನಮ್ಮ ದೇಶದಲ್ಲಿ ಮೊದಲ ಯಶಸ್ವಿ ಕಿಡ್ನಿ ಕಸಿ ಆಗಿದ್ದು 1971ರಲ್ಲಿ, ವೆಲ್ಲೂರಿನ ಸಿಎಂಸಿಯಲ್ಲಿ.

ನನಗೆ ಈ ಚರಿತ್ರೆ ಪುಸ್ತಕದಿಂದ ಹೊರಗೆ ಬಂದಿದ್ದು ನಾಲ್ಕನೇ ತಿಂಗಳಲ್ಲಿ. ಕ್ರಿಯಾಟಿನಿನ್ 1.3 ಇದ್ದಿದ್ದು ವಾರದೊಳಗೆ 1.9 ಆಯ್ತು. ಬಯಾಪ್ಸಿ ಮಾಡಿದರು. ರಿಜೆಕ್ಷನ್. ಮೂರು ದಿನ ಡ್ರಿಪ್‌ನಲ್ಲಿ ಸ್ಟೀರಾಯ್ಡ್, ಸ್ಟಾರ್ಜ್ಲ್ ಕಾಲದ ಅದೇ ದಾರಿ. ಮನೆಗೆ ಬಂದವನು ಮನುಷ್ಯನಾಗಿರಲಿಲ್ಲ. ಉಪ್ಪಿಲ್ಲದ ಸಾರಿನ ನೆಪಕ್ಕೆ ಅವ್ವನ ಮೇಲೆ ಕೂಗಾಡಿದೆ. "ಎಲ್ಲಾದಕ್ಕೂ ಬೆನ್ನಹಿಂದ ನಿಲ್ಲಬ್ಯಾಡ, ನಾ ಏನು ಸಣ್ಣ ಹುಡುಗಲ್ಲ" ಅಂದೆ. ಅವಳು ತಟ್ಟೆ ತಗೊಂಡು ಒಳಗೆ ಹೋದಳು. ರಾತ್ರಿ ಎಂಟಕ್ಕೆ ಐದು ನಿಮಿಷ ಇರುವಾಗ ಬಂದು ಲೋಟ ಕೊಟ್ಟು, ಅಲ್ಲೇ ನಿಂತು ಕೇಳಿದಳು: "ನನ್ನ ಕಿಡ್ನಿನ ಸರಿ ಇದ್ದಿಲ್ಲೇನೋ ತಮ್ಮಾ? ವಯಸ್ಸಾದದ್ದು ಅಂತ ನಿನ್ನ ಮೈ ಒಲ್ಲೆ ಅಂತೇನು?"

ನಾಲ್ಕು ದಿನದಿಂದ ಇದನ್ನೇ ಎದೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಳು. ಪ್ಯಾರಿಸ್ಸಿನ ಆ ತಾಯಿಯೂ ಇದನ್ನೇ ಕೇಳಿರಬೇಕು. ಯಾರು ಏನು ಉತ್ತರ ಕೊಟ್ಟರೋ.

ನಾನು ಮೆಡಾವರ್‌ನನ್ನು ಹಾವೇರಿ ಕನ್ನಡದಲ್ಲಿ ಹೇಳಲು ಕೂತೆ. ಕಿಡ್ನಿ ಚಲೋನೇ ಐತಿ, ನನ್ನ ಮೈಯೊಳಗಿನ ಕಾವಲುಗಾರರಿಗೆ ಅದು ಯಾರದ್ದು ಅಂತ ಗುರುತು ಸಿಗಲಿಲ್ಲ ಅಂದೆ. "ನನ್ನದ ಅಲ್ಲೇನು? ನೀ ಹುಟ್ಟಿದ್ದ ನನ್ನ ಹೊಟ್ಟ್ಯಾಗ" ಅಂದಳು. ಸರಿಯಾದ ಪ್ರಶ್ನೆ. ನನ್ನಲ್ಲಿ ಅರ್ಧ ಅವಳದು, ಅರ್ಧ ಅಪ್ಪಂದು. ಹಾಗಾದರೆ ಅರ್ಧ ಪರಕೀಯನಾದ ನನ್ನನ್ನು ಒಂಬತ್ತು ತಿಂಗಳು ಅವಳ ದೇಹ ಯಾಕೆ ಹೊರಗೆ ಹಾಕಲಿಲ್ಲ? ಮೆಡಾವರ್ 1953ರಲ್ಲಿ ಇದನ್ನೇ ಕೇಳಿದ್ದ. ಇವತ್ತಿಗೂ ಅದರ ಮೇಲೆ ಸಂಶೋಧನೆ ನಡೆಯುತ್ತಲೇ ಇದೆ. ಅವ್ವನಿಗೆ ಅಷ್ಟನ್ನೂ ಹೇಳಿದೆ. "ನಾ ಇಟ್ಕೊಂಡೆ, ನೀ ಒಲ್ಲೆ ಅಂದಿ" ಅಂತ ನಕ್ಕಳು. ಆಸ್ಪತ್ರೆಯಿಂದ ಬಂದಮೇಲೆ ಅದೇ ಮೊದಲ ನಗು.

ಇಲ್ಲಿ ಇನ್ನೊಂದು ವಿಷಯ ಬಿಟ್ಟುಬಿಟ್ಟರೆ ಅಪ್ರಾಮಾಣಿಕತೆ ಆಗುತ್ತದೆ. ಅಂಗ ಮಾರಾಟ ತಡೆಯಲು 1994ರಲ್ಲಿ ನಮ್ಮಲ್ಲಿ ಕಾನೂನು ಬಂತು. ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು ಹತ್ತಿರದ ಸಂಬಂಧಿಗಳು ಅಂತ ಬರೆದರು. ಆಮೇಲಿನ ತಿದ್ದುಪಡಿಯಲ್ಲಿ ಅಜ್ಜ ಅಜ್ಜಿ, ಮೊಮ್ಮಕ್ಕಳೂ ಸೇರಿದರು. ದಾನಿಯನ್ನು ಕೂರಿಸಿ, ಯಾರಾದರೂ ಒತ್ತಾಯ ಮಾಡಿದ್ದಾರಾ ಅಂತ ಕ್ಯಾಮೆರಾ ಮುಂದೆ ಕೇಳುತ್ತಾರೆ. ಅವ್ವ "ಯಾರ್ ಹೇಳಬೇಕ್ರೀ? ನನ್ನ ಮಗ" ಅಂದಿದ್ದಳು. ನಿಜವೇ. ಆದರೆ ನಮ್ಮ ದೇಶದಲ್ಲಿ ಬದುಕಿರುವಾಗ ಅಂಗ ಕೊಡುವವರಲ್ಲಿ ಹೆಂಗಸರೇ ಜಾಸ್ತಿ, ಪಡೆಯುವವರಲ್ಲಿ ಗಂಡಸರೇ ಜಾಸ್ತಿ. ಅಪ್ಪನಿಗೆ ಬಿಪಿ ಇತ್ತು, ಅದು ಸರಿ. ನನ್ನ ಜಾಗದಲ್ಲಿ ಅಕ್ಕ ಇದ್ದಿದ್ದರೆ ಅವ್ವ ಕೊಡುತ್ತಿದ್ದಳು, ಅದರಲ್ಲಿ ನನಗೆ ಅನುಮಾನ ಇಲ್ಲ. ಎಂಟು ತಿಂಗಳು ಮನೆ, ಎಮ್ಮೆ ಬಿಟ್ಟು ಬೆಂಗಳೂರಿನಲ್ಲಿ ಇರಲು ಊರು ಇಷ್ಟೇ ಸುಲಭಕ್ಕೆ ಬಿಡುತ್ತಿತ್ತಾ, ಅಕ್ಕನ ಗಂಡನ ಮನೆಯವರು ಏನು ಹೇಳುತ್ತಿದ್ದರು, ಅದನ್ನು ಅಕ್ಕನ ಹತ್ತಿರ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಮಾರಿಯಸ್‌ಗೆ ಕೊಟ್ಟಿದ್ದೂ ತಾಯಿಯೇ.

ಚೇತರಿಕೆ ಅನ್ನುವುದು ಗ್ರಾಫಿನ ಹಾಗೆ ಮೇಲೇರುತ್ತದೆ ಅಂದುಕೊಂಡಿದ್ದೆ. ಹಾಗೆ ಆಗಲಿಲ್ಲ. ಐದನೇ ತಿಂಗಳು ಅಪಾರ್ಟ್‌ಮೆಂಟ್ ಸುತ್ತ ಒಂದು ಸುತ್ತು, ಆರನೇ ತಿಂಗಳು ಮೂರು, ಆಮೇಲೆ ಜ್ವರ ಬಂದು ಮತ್ತೆ ಸೊನ್ನೆ. ಅವ್ವ ಸುತ್ತು ಎಣಿಸುತ್ತಿರಲಿಲ್ಲ, ಉಂಡ ರೊಟ್ಟಿ ಎಣಿಸುತ್ತಿದ್ದಳು. ಕ್ರಿಯಾಟಿನಿನ್ 1.5ಕ್ಕೆ ಬಂದು ನಿಂತಿತು. ಅಲ್ಲೇ ನಿಂತಿದೆ. ನಿಮಗೆ ಇದೇ ನಾರ್ಮಲ್ ಅಂದರು ಡಾಕ್ಟರ್.

ಎಂಟು ತಿಂಗಳಿಗೆ ಮುಂಗಾರು ಹತ್ತಿರ ಬಂತು, ಬಿತ್ತನೆಗೆ ಅಪ್ಪ ಒಬ್ಬನೇ ಆಗುತ್ತಾನೆ ಅಂತ ಅವ್ವ ಹೊರಟಳು. ಹೋಗುವ ಹಿಂದಿನ ದಿನ ಹದಿನೈದು ದಿನದ ಮಾತ್ರೆಗಳನ್ನು ಸಣ್ಣ ಸಣ್ಣ ಡಬ್ಬಿಗೆ ಹಾಕಿ, ಓದಲು ಬಾರದಿದ್ದರೂ ಸೂರ್ಯ, ಚಂದ್ರ ಬಿಡಿಸಿ ಇಟ್ಟಳು. ಈಗ ದಿನಾ ಎಂಟಕ್ಕೆ ಐದು ನಿಮಿಷ ಇರುವಾಗ ಊರಿಂದ ಮಿಸ್ಡ್ ಕಾಲ್ ಬರುತ್ತದೆ. ನಾನು ನುಂಗಿ ಆದಮೇಲೆ ತಿರುಗಿ ಮಿಸ್ಡ್ ಕಾಲ್ ಕೊಡಬೇಕು. ಮೊನ್ನೆ ಮೀಟಿಂಗಿನಲ್ಲಿದ್ದೆ, ನುಂಗಿದೆ, ಫೋನ್ ಮರೆತೆ. ಎಂಟು ಹತ್ತಕ್ಕೆ ಅಪ್ಪನ ಫೋನಿಂದ, ಎಂಟು ಹನ್ನೆರಡಕ್ಕೆ ಪಕ್ಕದ ಮನೆ ಕಾಕಾನ ಫೋನಿಂದ ಕಾಲ್. ಎತ್ತಿದರೆ ಹಿಂದೆ ಮಳೆ ಸದ್ದು. ಮೆಕ್ಕೆಜೋಳ ಮೊಣಕಾಲುದ್ದ ಬಂದೈತಂತೆ. "ನೀ ಈಗ ಬರಬ್ಯಾಡ, ಹೊಲ ಎಲ್ಲಾ ಕೆಸರು" ಅಂದಳು.