ಹಳೆಯ ಬಳ್ಳಿಯ ಓಕ್ ರಹಿತ ಬಿಳಿ ವೈನ್

ಓಕ್ ರಹಿತ ಬಿಳಿ ವೈನ್ ಎಂದರೆ ಓಕ್ ಮರದ ಪೀಪಾಯಿಯ ಸಂಪರ್ಕವಿಲ್ಲದೆ, ಸಾಮಾನ್ಯವಾಗಿ ತುಕ್ಕುಹಿಡಿಯದ ಉಕ್ಕಿನ ತೊಟ್ಟಿಗಳಲ್ಲಿ ಹುದುಗಿಸಿ ಸಿದ್ಧಪಡಿಸುವ ವೈನ್. ಇದನ್ನು ಹೆಚ್ಚು ವಯಸ್ಸಾದ ಬಳ್ಳಿಗಳ ಹಣ್ಣಿನಿಂದ ತಯಾರಿಸಿದಾಗ ‘ಹಳೆಯ ಬಳ್ಳಿಯ ವೈನ್’ ಎಂದೂ ಕರೆಯುತ್ತಾರೆ. ಬೆಂಗಳೂರಿನ ಸಮೀಪದ ನಂದಿಬೆಟ್ಟದ ತಪ್ಪಲಿನಲ್ಲಿ ವೈನ್ ತಳಿಗಳ ಕೃಷಿ 1980ರ ದಶಕದ ಕೊನೆಯಲ್ಲಿ ಆರಂಭವಾಯಿತು.

ತಯಾರಿಕೆ

ಬಿಸಿಲೇರುವ ಮುನ್ನ ಕೊಯ್ದ ಗೊಂಚಲುಗಳನ್ನು ಹಿಂಡಿ, ರಸವನ್ನು ಸಿಪ್ಪೆಯಿಂದ ಬೇರ್ಪಡಿಸಲಾಗುತ್ತದೆ. ತಂಪಿನಲ್ಲಿ ತಿಳಿಗೊಳಿಸಿದ ರಸವನ್ನು ಸಾಮಾನ್ಯವಾಗಿ 12ರಿಂದ 18 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹುದುಗಿಸುತ್ತಾರೆ. ಕಡಿಮೆ ಉಷ್ಣತೆಯಲ್ಲಿ ಹಣ್ಣಿನ ಪರಿಮಳ ಹೆಚ್ಚು ಉಳಿಯುತ್ತದೆ. ಓಕ್ ಪೀಪಾಯಿಯು ವೈನಿಗೆ ವೆನಿಲ್ಲಾ, ಲವಂಗ ಹಾಗೂ ಹುರಿದ ಕಾಳನ್ನು ನೆನಪಿಸುವ ವಾಸನೆಗಳನ್ನು ನೀಡುತ್ತದೆ. ಮರದ ಸೂಕ್ಷ್ಮ ರಂಧ್ರಗಳ ಮೂಲಕ ಅಲ್ಪ ಪ್ರಮಾಣದ ಆಮ್ಲಜನಕವನ್ನೂ ಒಳಬಿಡುತ್ತದೆ. ಉಕ್ಕಿನ ತೊಟ್ಟಿಯಲ್ಲಿ ಇವೆರಡೂ ಇಲ್ಲದಿರುವುದರಿಂದ ತಳಿಯ ಗುಣ ಮತ್ತು ಹಣ್ಣಿನ ಹುಳಿ ನೇರವಾಗಿ ವ್ಯಕ್ತವಾಗುತ್ತವೆ. ಹಣ್ಣಿನ ದೋಷಗಳನ್ನು ಮರದ ವಾಸನೆಯಿಂದ ಮರೆಸಲು ಆಸ್ಪದವಿರುವುದಿಲ್ಲ. ಇಂತಹ ಬಹುಪಾಲು ವೈನ್‌ಗಳನ್ನು ತಣ್ಣಗೆ, ತಯಾರಾದ ಕೆಲವೇ ವರ್ಷಗಳೊಳಗೆ ಸೇವಿಸಲಾಗುತ್ತದೆ.

ಬಳ್ಳಿಯ ವಯಸ್ಸು

ಬಳ್ಳಿಗೆ ವಯಸ್ಸಾದಂತೆ ಇಳುವರಿ ಸಾಮಾನ್ಯವಾಗಿ ಕುಗ್ಗುತ್ತದೆ. ಆಳಕ್ಕಿಳಿದ ಬೇರುಗಳು ಮಳೆಯ ಏರಿಳಿತವನ್ನು ತಾಳಿಕೊಳ್ಳಲು ನೆರವಾಗುತ್ತವೆ. ಕಡಿಮೆ ಗೊಂಚಲುಗಳಲ್ಲಿ ರುಚಿ ಸಾಂದ್ರವಾಗುತ್ತದೆ ಎಂಬುದು ಬೆಳೆಗಾರರ ಅಭಿಪ್ರಾಯವಾದರೂ ಇದರಲ್ಲಿ ವಯಸ್ಸಿನ ಪಾತ್ರವೆಷ್ಟು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಹಲವು ದೇಶಗಳಲ್ಲಿ ‘ಹಳೆಯ ಬಳ್ಳಿ’ ಎಂಬ ಪದಕ್ಕೆ ಕಾನೂನಿನ ವ್ಯಾಖ್ಯೆಯಿಲ್ಲ. ಆಸ್ಟ್ರೇಲಿಯಾದ ಬರೋಸಾ ಪ್ರದೇಶದ 2009ರ ಸನ್ನದು ಮತ್ತು ದಕ್ಷಿಣ ಆಫ್ರಿಕಾದ ಹಳೆಯ ಬಳ್ಳಿಗಳ ಯೋಜನೆ ಕನಿಷ್ಠ 35 ವರ್ಷಗಳ ಮಿತಿಯನ್ನು ಇರಿಸಿಕೊಂಡಿವೆ. ಅಂತರರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆಯು 2024ರಲ್ಲಿ ದಾಖಲೆಯುಳ್ಳ 35 ವರ್ಷಗಳ ಬಳ್ಳಿಯನ್ನು ಹಳೆಯದೆಂದೂ, ಅಂತಹ ಬಳ್ಳಿಗಳು ಶೇಕಡಾ 85ರಷ್ಟಾದರೂ ಇರುವ ತೋಟವನ್ನು ಹಳೆಯ ತೋಟವೆಂದೂ ವ್ಯಾಖ್ಯಾನಿಸಿತು.

ಕರ್ನಾಟಕದಲ್ಲಿ

ಬೆಂಗಳೂರು ಸುತ್ತಮುತ್ತ ದ್ರಾಕ್ಷಿ ಕೃಷಿ ವೈನ್ ತಳಿಗಳಿಗಿಂತ ಬಹಳ ಹಳೆಯದು. 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ಇಲ್ಲಿನ ಪ್ರಸಿದ್ಧ ತಳಿ. ಆದರೆ ಅದು ಅಮೆರಿಕ ಮೂಲದ, ಕಡುಬಣ್ಣದ ಹಣ್ಣು; ಒಣ ಬಿಳಿ ವೈನಿಗೆ ಬಳಸುವ ಐರೋಪ್ಯ ತಳಿಗಳು ಬೇರೆ. ಕನ್ವಲ್ ಗ್ರೋವರ್ ಅವರ ಸಂಸ್ಥೆ 1988ರಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಫ್ರೆಂಚ್ ತಳಿಗಳ ತೋಟವನ್ನು ಆರಂಭಿಸಿ, 1992ರಲ್ಲಿ ಮೊದಲ ವೈನನ್ನು ಹೊರತಂದಿತು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ಸೊವಿನ್ಯೋ ಬ್ಲಾಂ, ಶೆನಿನ್ ಬ್ಲಾಂ ಮತ್ತು ವಿಯೋನ್ಯೆ ಇಲ್ಲಿ ಬೆಳೆಯುವ ಬಿಳಿ ತಳಿಗಳು.

ಉಷ್ಣವಲಯದ ಈ ಭಾಗದಲ್ಲಿ ಬಳ್ಳಿಗಳಿಗೆ ಚಳಿಗಾಲದ ಸುಪ್ತಾವಸ್ಥೆ ಇರುವುದಿಲ್ಲ. ಆದ್ದರಿಂದ ಬೆಳೆಗಾರರು ವರ್ಷಕ್ಕೆ ಎರಡು ಬಾರಿ ಚಾಟ್ನಿ ಮಾಡುತ್ತಾರೆ: ಬೇಸಿಗೆಯದು ಕಡ್ಡಿ ಬೆಳೆಸಲು, ಮಳೆಗಾಲದ ಕೊನೆಯದು ಫಸಲಿಗೆ. ವಿಶ್ರಾಂತಿಯಿಲ್ಲದ ಈ ಬೆಳವಣಿಗೆ ಬಳ್ಳಿಯನ್ನು ಬೇಗ ದಣಿಸುತ್ತದೆ. ಇಳುವರಿ ಕುಗ್ಗಿದ ಬಳ್ಳಿಗಳನ್ನು ಕಿತ್ತು ಹೊಸದನ್ನು ನೆಡುವುದು ಬೆಳೆಗಾರನಿಗೆ ಲಾಭಕರವಾದರೂ, ಹಾಗೆ ಮಾಡಿದಾಗ ತೋಟದ ವಯಸ್ಸು ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. 1988ರಲ್ಲಿ ನೆಟ್ಟ ಬಳ್ಳಿಗೆ 35 ವರ್ಷ ತುಂಬುವುದು 2023ರಲ್ಲಿ. ಹೀಗಾಗಿ ನಾಟಿಯ ವರ್ಷವನ್ನು ದಾಖಲಿಸಿ ಉಳಿಸಿಕೊಂಡ ತೋಟಗಳು ಮಾತ್ರ ಈ ಹೆಸರಿಗೆ ಅರ್ಹವಾಗಬಲ್ಲವು.