ಎಡೆ

ಕನ್ನಡದ ಹಳೆಯ ಮಾತುಗಳಲ್ಲೊಂದಾದ 'ಎಡೆ'ಗೆ ಸ್ಥಳವೆಂಬುದು ಒಂದರ್ಥ, ಎರಡರ ನಡುವಣ ತೆರಪೆಂಬುದು ಇನ್ನೊಂದರ್ಥ. ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ಸೀಮೆಯು ಶಾಸನಗಳಲ್ಲಿ 'ಎಡೆದೊರೆ'ಯೆಂದು ಹೆಸರಾದುದು ಈ ಎರಡನೆಯ ಅರ್ಥದಿಂದ. 'ಎಲ್ಲೆಡೆ' ಎನ್ನುವಾಗ ಮೊದಲನೆಯದೂ 'ಎಡೆಬಿಡದೆ ಮಳೆ ಹೊಯ್ಯಿತು' ಎನ್ನುವಾಗ ಎರಡನೆಯದೂ ನಮ್ಮ ನಾಲಗೆಯ ಮೇಲೆ ತಾನಾಗಿ ಸುಳಿಯುತ್ತವೆ. ಆದರೆ ಆನೇಕಲ್ ತಾಲ್ಲೂಕಿನ ಜಿಗಣಿಯಲ್ಲಿ ಯಾವ ಮನೆಯ ಗೃಹಿಣಿಯನ್ನು ಕೇಳಿದರೂ, ಎಡೆಯೆಂದರೆ ದೇವರ ಮುಂದೆಯೋ ಹಿರಿಯರ ಮುಂದೆಯೋ ಬಾಳೆಯೆಲೆಯಲ್ಲಿ ಬಡಿಸಿಟ್ಟ ಊಟವೆಂದೇ ಹೇಳುವಳು.

ಭಾದ್ರಪದದ ಕೃಷ್ಣಪಕ್ಷದಲ್ಲಿ, ಅದರಲ್ಲಿಯೂ ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ, ಗ್ರಾನೈಟು ಕೊಯ್ಯುವ ಕಾರ್ಖಾನೆಗಳ ಸದ್ದಿನ ನಡುವೆಯೂ ಇಲ್ಲಿನ ಹಳೆಯ ಬೀದಿಗಳಲ್ಲಿ ಕಜ್ಜಾಯದ ಎಣ್ಣೆ ಕಾಯುವ ವಾಸನೆ ಏಳುತ್ತದೆ. ತೀರಿಕೊಂಡವರ ಭಾವಚಿತ್ರವನ್ನಿಟ್ಟು, ಹೊಸ ಪಂಚೆಯನ್ನೋ ಸೀರೆಯನ್ನೋ ಮಡಿಸಿಟ್ಟು, ಮುದ್ದೆ, ಸಾರು, ವಡೆ, ಪಾಯಸಗಳನ್ನೂ ಅವರು ಬದುಕಿದ್ದಾಗ ಬಯಸುತ್ತಿದ್ದ ಎಲೆಯಡಿಕೆ, ಬೀಡಿಗಳನ್ನೂ ಸಂಕೋಚವಿಲ್ಲದೆ ಎಲೆಯ ಬಳಿ ಜೋಡಿಸಿ, ಧೂಪ ಹಾಕಿ, ಮನೆಮಂದಿಯೆಲ್ಲ ಹೊರಬಂದು ಸ್ವಲ್ಪ ಹೊತ್ತು ಬಾಗಿಲೆಳೆದುಕೊಳ್ಳುವುದುಂಟು. ಬಂದವರು ನಾಚದೆ ಉಣ್ಣಲೆಂಬುದು ಅದರ ಭಾವ. ಒಳಗೆ ಯಾರೋ ಉಣ್ಣುತ್ತಿರುವರೆಂದು ಜಗಲಿಯ ಮೇಲೆ ಮೌನವಾಗಿ ಕಾಯುವ ಆ ಅಲ್ಪಕಾಲಕ್ಕೆ ಸಮನಾದ ಪ್ರಾರ್ಥನೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಸತ್ತವರು ಎಲ್ಲಿಗೆ ಹೋಗುತ್ತಾರೆಂಬ ಪ್ರಶ್ನೆಗೆ ಈ ನಾಡು ಹಿಂದಿನಿಂದಲೂ ಉತ್ತರಗಳನ್ನು ಕೊಡುತ್ತ ಬಂದಿದೆ. ಜಿಗಣಿಗೆ ದೂರವಲ್ಲದ ಬೇಗೂರಿನಲ್ಲಿ ಬೆಂಗಳೂರಿನ ಕಾಳಗವನ್ನು ಹೆಸರಿಸುವ, ಕ್ರಿ.ಶ. 890ರ ಸುಮಾರಿನ ಶಾಸನವೊಂದಿದೆ. ಅಂಥ ಕಾಳಗಗಳಲ್ಲಿ ಬಿದ್ದವರ ನೆನಪಿಗೆ ನಿಲ್ಲಿಸಿದ ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಪಟ್ಟಿಕೆಯಲ್ಲಿ ಹೋರಾಡಿ ಮಡಿದವನು ನಡುಪಟ್ಟಿಕೆಯಲ್ಲಿ ಅಪ್ಸರೆಯರ ಕೈಹಿಡಿದು ಮೇಲೇರಿ, ತುದಿಯಲ್ಲಿ ಲಿಂಗದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಕಲ್ಲನ್ನು ನಿಲ್ಲಿಸಿದ ಬಂಧುಗಳ ಕಣ್ಣಿಗೆ ಆ ತುದಿಯ ಚಿತ್ರವೇ ಬೇಕಾಗಿತ್ತೆಂದು ನಾನು ನಂಬುತ್ತೇನೆ. ಗರುಡಪುರಾಣದ ಉತ್ತರ ಬೇರೆ ಬಗೆಯದು. ನನ್ನ ತಾಯಿ ಹೋದ ದಿನಗಳಲ್ಲಿ ಅದನ್ನು ಓದಿಸಿ ಕೇಳಿದೆ. ಯಮಪುರದ ದಾರಿಯೂ ವೈತರಣಿಯೂ, ಜೀವಮಾನವಿಡೀ ಒಂದು ಹಸುವನ್ನೂ ಗದರಿಸದ ಆ ಹೆಣ್ಣುಮಗಳಿಗೆ ಸಂಬಂಧಿಸಿದವೆಂದು ನನ್ನ ಮನಸ್ಸು ಒಪ್ಪಲಿಲ್ಲ. ಶಾಸ್ತ್ರಕ್ಕೆ ಅದರದೇ ಗೌರವವಿರಲಿ. ಮೂರನೆಯ ದಿನ ಗುಡ್ಡೆಗೆ ಹಾಲುತುಪ್ಪ ಎರೆದು, ಅವಳಿಗೆ ಪ್ರಿಯವಾಗಿದ್ದ ಅವರೆಕಾಳಿನ ಸಾರನ್ನು ಎಡೆಯಿಟ್ಟಾಗಲೇ ನನಗೆ ಅಳು ಬಂದದ್ದು, ಅತ್ತಮೇಲೆ ಉಸಿರು ಸರಾಗವಾದದ್ದು. ಅವಳು ಹೋದ ಲೋಕವನ್ನು ನಾನರಿಯೆ. ಬಂದರೆ ಕೂರುವ ಜಾಗ ಮಾತ್ರ ನಮ್ಮ ಮನೆಯಲ್ಲಿದೆ ಎಂಬುದು ಸ್ಪಷ್ಟವಾಯಿತು.

ಕಲ್ಲಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಗಂಡನನ್ನು ಕಳೆದುಕೊಂಡ ನೆರೆಯಾಕೆಯೊಬ್ಬಳು ಇದನ್ನೇ ಇನ್ನೂ ಸರಳವಾಗಿ ಹೇಳಿದಳು: "ಸ್ವರ್ಗ ಗಿರ್ಗ ನಂಗ್ ಗೊತ್ತಿಲ್ಲ ಕಣಣ್ಣಾ. ವರ್ಷಕ್ಕೊಂದ್ಸಲ ಬಂದು ಉಂಡ್ಹೋಗ್ತಾರೆ, ಅಷ್ಟು ಸಾಕು." ಅದೇ ಬೀದಿಯ ಬಾಡಿಗೆ ಕೋಣೆಗಳಲ್ಲಿರುವ ಬಿಹಾರದ ಹುಡುಗರಿಗೆ ಇದೇ ಪಕ್ಷದಲ್ಲಿ ತಮ್ಮ ಸೀಮೆಯ ಗಯೆಗೆ ಹೋಗಿ ಪಿಂಡವಿಡುವ ಹಂಬಲ, ರಜೆ ಸಿಕ್ಕವರು ಹೋಗುತ್ತಾರೆ.

ಉತ್ತರ ಕರ್ನಾಟಕದಿಂದ ಬಂದು ನೆಲೆಸಿದ ಕೆಲವು ಕುಟುಂಬಗಳು ಈಗ ಊರಿಗೆ ಹೋಗಲಾಗದೆ, ಮೊಬೈಲಿನಲ್ಲಿರುವ ಅಜ್ಜನ ಚಿತ್ರವನ್ನು ಗೋಡೆಗೊರಗಿಸಿ ಅದರ ಮುಂದೆಯೇ ಎಡೆ ಹಿಡಿಯುತ್ತವೆ. ಹಿರಿಯರು ತಾವು ಬಾಳಿದ ಮನೆಗೆ ಬರುವರಲ್ಲದೆ ಗುರುತಿಲ್ಲದ ಈ ಬಾಡಿಗೆ ಮನೆಗೆ ಬಾರರೆಂದು ಊರಿನಲ್ಲುಳಿದ ಮುದುಕರ ಆಕ್ಷೇಪಣೆ. ಬಂದೇ ಬರುವರೆಂದು ಮಕ್ಕಳ ವಾದ. ಸ್ಥಳವೂ ಊಟವೂ ಒಂದೇ ಹೆಸರಿನಲ್ಲಿರುವ ಭಾಷೆಯವನಾದ ನಾನು ಮಕ್ಕಳ ಪಕ್ಷ.